ಉತ್ತ ನೆಲದ ಲೆಕ್ಕ: ಇಂಡಿಯಾ ಮತ್ತು ಚೀನಾ

ಒಂದು ದೇಶದ ಐಶ್ವರ್ಯವನ್ನು ಅಳೆಯುವುದಕ್ಕೆ ಹಲವು ಮಾನಗಳುಂಟು. ಬೊಕ್ಕಸದ ಹೊನ್ನು, ಗಣಿಯ ಲೋಹ, ಹಡಗುಗಳ ಸಂಖ್ಯೆ, ಯಂತ್ರಶಾಲೆಗಳ ಬಾಹುಳ್ಯ, ಇವು ಒಂದೊಂದು ಕಾಲದಲ್ಲಿ ಒಂದೊಂದು ಜನಾಂಗದ ಹೆಮ್ಮೆಗೆ ಕಾರಣವಾಗಿವೆ. ಆದರೆ ಇವೆಲ್ಲಕ್ಕಿಂತ ಹಳೆಯದೂ ಇವೆಲ್ಲಕ್ಕೂ ಆಧಾರವಾದುದೂ ಉತ್ತು ಬಿತ್ತುವ ನೆಲ. ಅಂತಹ ನೆಲ ಒಂದು ದೇಶದಲ್ಲಿ ಎಷ್ಟಿದೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅತಿ ಸುಲಭವಾಗಿ ತೋರುತ್ತದೆ. ನೆಲವು ಓಡಿಹೋಗತಕ್ಕ ವಸ್ತುವಲ್ಲ, ಅಳೆದರೆ ತಿಳಿಯುತ್ತದೆ. ಹೀಗಿದ್ದರೂ ಆ ಸುಲಭವಾದ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳಲು ಮಹಾರಾಜ್ಯಗಳು ಶತಮಾನಗಳ ಕಾಲ ಹೆಣಗಿವೆ. ಉತ್ತರ ತಪ್ಪಿದಾಗ ಲಕ್ಷಾಂತರ ಜನರು ಅದರ ದಂಡವನ್ನು ತೆತ್ತಿದ್ದಾರೆ. ಹಿಮಾಲಯದ ಈಚೆಗೂ ಆಚೆಗೂ ಇರುವ ಇಂಡಿಯಾ ಮತ್ತು ಚೀನಾ ದೇಶಗಳ ಸಾಗುವಳಿಯ ಚರಿತ್ರೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲು ಎರಡು ದೇಶಗಳ ಈಗಿನ ಸ್ಥಿತಿಯನ್ನು ನೋಡೋಣ. ಚೀನಾ ದೇಶದ ವಿಸ್ತೀರ್ಣವು ಸುಮಾರು ೯೬ ಕೋಟಿ ಹೆಕ್ಟೇರು. ಇಂಡಿಯಾದೇಶದ್ದು ಸುಮಾರು ೩೩ ಕೋಟಿ. ಒಂದು ಹೆಕ್ಟೇರೆಂದರೆ ಎರಡೂವರೆ ಎಕರೆಗೆ ತುಸು ಕಡಿಮೆ. ವಿಸ್ತೀರ್ಣದಲ್ಲಿ ಚೀನಾ ನಮ್ಮ ಮೂರರಷ್ಟಿದ್ದರೂ ಅಲ್ಲಿನ ಸಾಗುವಳಿಯ ನೆಲ ೨೦೧೯ರ ಕೊನೆಯ ಮೋಜಣಿಯಂತೆ ೧೨ ಕೋಟಿ ೭೯ ಲಕ್ಷ ಹೆಕ್ಟೇರು ಮಾತ್ರ. ನಮ್ಮಲ್ಲಿಯಾದರೋ ವರ್ಷಂಪ್ರತಿ ಬಿತ್ತನೆಯಾಗುವ ನೆಲವೇ ಸುಮಾರು ೧೪ ಕೋಟಿ ಹೆಕ್ಟೇರು. ಚೀನೀಯರು ಸಾಗುವಳಿಗೆ ಒಳಪಟ್ಟ ಭೂಮಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಾವು ಆಯಾ ವರ್ಷ ನಿಜವಾಗಿ ಬಿತ್ತಿದ ಭೂಮಿಯನ್ನು ಹಿಡಿಯುತ್ತೇವೆ. ಬೀಳುಬಿಟ್ಟ ಹೊಲಗಳನ್ನೂ ಸೇರಿಸಿದರೆ ನಮ್ಮ ಮೊತ್ತ ಇನ್ನೂ ಹೆಚ್ಚಾಗುತ್ತದೆ. ಅಂತೂ ಇಂಡಿಯಾದೇಶದ ಐದು ಪಾಲಿನಲ್ಲಿ ಎರಡು ಪಾಲಿಗಿಂತ ಹೆಚ್ಚು ನೆಲ ನೇಗಿಲಿಗೆ ಒಳಪಟ್ಟಿದೆ. ಚೀನಾದಲ್ಲಿ ಎಂಟರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ.

ಇದಕ್ಕೆ ಕಾರಣವನ್ನು ಬಹು ದೂರ ಹುಡುಕಬೇಕಾದುದಿಲ್ಲ. ಚೀನಾದ ಪಶ್ಚಿಮಾರ್ಧವೆಲ್ಲ ಟಿಬೆಟ್ಟಿನ ಎತ್ತರವಾದ ಪ್ರಸ್ಥಭೂಮಿ, ಷಿನ್‌ಜಿಯಾಂಗಿನ ಮರುಭೂಮಿ, ಮಂಗೋಲಿಯಾದ ಅಂಚಿನ ಹುಲ್ಲುಗಾವಲು. ಸಾಗುವಳಿಗೆ ತಕ್ಕ ನೆಲವು ಪೂರ್ವದ ನದೀಬಯಲುಗಳಲ್ಲಿಯೂ ದಕ್ಷಿಣದ ಗುಡ್ಡಗಳ ಇಳಿಜಾರುಗಳಲ್ಲಿಯೂ ಅಡಕವಾಗಿದೆ. ಇಂಡಿಯಾಕ್ಕೆ ಪ್ರಕೃತಿಯು ಹೆಚ್ಚು ಉದಾರಳಾಗಿದ್ದಾಳೆ. ಸಿಂಧೂ ಗಂಗಾ ನದಿಗಳ ಮೈದಾನವೂ ದಖ್ಖಣದ ಕರಿಮಣ್ಣಿನ ಸೀಮೆಯೂ ನೇಗಿಲಿಗೆ ಸುಲಭವಾಗಿ ಒದಗುವ ಭೂಮಿಗಳು. ಹೀಗೆ ಒಬ್ಬ ನೆರೆಯವನಿಗೆ ದೊಡ್ಡ ಮನೆ, ಚಿಕ್ಕ ಹಿತ್ತಲು. ಇನ್ನೊಬ್ಬನಿಗೆ ಚಿಕ್ಕ ಮನೆ, ದೊಡ್ಡ ಹಿತ್ತಲು.

ಆದರೆ ಈ ಅಂಕಿಗಳನ್ನು ಹಿಂದಿನ ಕಾಲಕ್ಕೆ ಒಯ್ದು ನೋಡಹೊರಟರೆ ತೊಡಕು ಆರಂಭವಾಗುತ್ತದೆ. ಹಿಂದಿನ ಪ್ರಭುಗಳು ನೆಲವನ್ನು ಅಳೆಯಿಸಿದ್ದು ಪ್ರಜೆಯ ಹೊಟ್ಟೆಯನ್ನು ಎಣಿಸುವುದಕ್ಕಲ್ಲ, ಕಂದಾಯವನ್ನು ಎಣಿಸುವುದಕ್ಕೆ. ಆದುದರಿಂದ ಅಳತೆಯ ಮಾನವೇ ಕಂದಾಯದ ಅನುಕೂಲಕ್ಕೆ ತಕ್ಕಂತೆ ಹಿಗ್ಗುತ್ತಲೂ ಕುಗ್ಗುತ್ತಲೂ ಇದ್ದಿತು. ಕನ್ನಡ ನಾಡಿನಲ್ಲಿ ಬಹುಕಾಲ ನೆಲವನ್ನು ಅದರಲ್ಲಿ ಬೀಳುವ ಬಿತ್ತನೆಯ ಬೀಜದಿಂದ ಅಳೆಯುತ್ತಿದ್ದರು. ಇಷ್ಟು ಖಂಡುಗ, ಇಷ್ಟು ಕೊಳಗ ಎಂಬುದು ಹೊಲದ ಹೆಸರೇ ಆಗಿದ್ದಿತು. ಗದ್ದೆಯ ಖಂಡುಗವೂ ಬೆದ್ದಲಿನ ಖಂಡುಗವೂ ವಿಸ್ತಾರದಲ್ಲಿ ಒಂದೇ ಅಲ್ಲವೆಂಬುದು ರೈತನಿಗೆ ತಿಳಿದ ವಿಷಯ. ನಮ್ಮ ಶಾಸನಗಳಲ್ಲಿ ಬರುವ ಮತ್ತರಿನ ಅಳತೆಯೂ ಆಯಾ ಪ್ರಾಂತದ ಗಳೆಯನ್ನು ಅನುಸರಿಸಿ ಬೇರೆ ಬೇರೆಯಾಗಿರುತ್ತಿದ್ದಿತು. ಚೀನಾದಲ್ಲಿ ಇದೇ ಸ್ಥಾನವನ್ನು ಪಡೆದಿರುವುದು ‘ಮು’ ಎಂಬ ಮಾನ. ಈಗ ಅದು ಹೆಕ್ಟೇರಿನ ಹದಿನೈದನೆಯ ಒಂದು ಭಾಗವೆಂದು ನಿಶ್ಚಿತವಾಗಿದ್ದರೂ, ಹಿಂದೆ ಊರಿಗೊಂದು ಮು, ಮಣ್ಣಿಗೊಂದು ಮು ಇದ್ದಿತು. ಬಡ ಭೂಮಿಯಾದರೆ ಎರಡು ಮೂರು ಮು ನೆಲವನ್ನು ಕೂಡಿಸಿ ಕಂದಾಯದ ಪುಸ್ತಕದಲ್ಲಿ ಒಂದೇ ಮು ಎಂದು ಬರೆಯುವ ಪದ್ಧತಿ ಅಲ್ಲಿ ಉಂಟಾಗಿದ್ದಿತು.

ಇದರ ಪರಿಣಾಮವನ್ನು ನೋಡಿರಿ. ಮಿಂಗ್ ವಂಶದ ಮೊದಲನೆಯ ಚಕ್ರವರ್ತಿಯ ಆಳ್ವಿಕೆಯಲ್ಲಿ ಹೊಲಹೊಲದ ನಕ್ಷೆಗಳನ್ನು ಬರೆಯಿಸಿ ಪುಸ್ತಕಗಳನ್ನು ಮಾಡಿದರು. ನಕ್ಷೆಯಲ್ಲಿ ಹೊಲಗಳು ಮೀನಿನ ಹುರುಪೆಗಳಂತೆ ಒಂದಕ್ಕೊಂದು ಒತ್ತಿಕೊಂಡು ಕಾಣುತ್ತಿದ್ದುದರಿಂದ ಅವಕ್ಕೆ ಮೀನು ಹುರುಪೆಯ ಪುಸ್ತಕಗಳೆಂದೇ ಹೆಸರಾಯಿತು. ೧೩೯೩ರಲ್ಲಿ ಸಾಮ್ರಾಜ್ಯದ ಭೂಮಿಯ ಮೊತ್ತವನ್ನು ಸುಮಾರು ೮೫ ಕೋಟಿ ಮು ಎಂದು ದಾಖಲಿಸಿದರು. ತರುವಾಯ ಐದು ಶತಮಾನಗಳು ಕಳೆದು, ಚಿಂಗ್ ವಂಶದ ಕೊನೆಯ ಭಾಗದಲ್ಲಿ, ೧೮೮೭ರಲ್ಲಿ, ಅದೇ ಸಾಮ್ರಾಜ್ಯದ ಪುಸ್ತಕಗಳು ತೋರಿಸಿದ ಮೊತ್ತ ಸುಮಾರು ೯೧ ಕೋಟಿ ಮು. ಈ ಐದು ಶತಮಾನಗಳಲ್ಲಿ ಪ್ರಜಾಸಂಖ್ಯೆಯಾದರೋ ದಾಖಲೆಯಲ್ಲಿ ಕಾಣುವ ಸುಮಾರು ೬ ಕೋಟಿಯಿಂದ ೪೦ ಕೋಟಿಗೂ ಮೇಲಕ್ಕೆ ಏರಿದ್ದಿತು. ಅಮೆರಿಕದಿಂದ ಬಂದ ಮುಸುಕಿನ ಜೋಳವೂ ಗೆಣಸೂ ಬತ್ತ ಬೆಳೆಯದ ಗುಡ್ಡಗಳನ್ನೆಲ್ಲ ಹತ್ತಿದ್ದವು. ಸಿಚುವಾನಿನಲ್ಲಿಯೂ ನೈರುತ್ಯದ ಕಾಡುಗಳಲ್ಲಿಯೂ ಹೊಸ ಹೊಲಗಳು ಎದ್ದಿದ್ದವು. ಬಾಯಿಗಳು ಆರು ಮಡಿಯಾಗಿ, ಕಾಡು ಬೆಟ್ಟಗಳು ಹೊಲಗಳಾಗಿ, ನೆಲದ ಲೆಕ್ಕ ಮಾತ್ರ ನಿಂತಲ್ಲಿಯೇ ನಿಂತಿರುವುದು ಸಂಭವವೇ? ಹೋ ಪಿಂಗ್‌ಟಿ ಎಂಬ ಚೀನೀ ಇತಿಹಾಸಜ್ಞರು ೧೯೫೯ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ರಹಸ್ಯವನ್ನು ಬಿಡಿಸಿದರು. ಪುಸ್ತಕದಲ್ಲಿದ್ದ ಮು ನೆಲದ ಮಾನವಲ್ಲ, ಕಂದಾಯದ ಮಾನ. ಹೊಸ ಹೊಲವನ್ನು ಬರೆಸಿದರೆ ಹೊಸ ತೆರಿಗೆ. ಆದುದರಿಂದ ರೈತನೂ ಬರೆಸಲಿಲ್ಲ, ಊರಿನ ಅಧಿಕಾರಿಯೂ ಬರೆಯಲಿಲ್ಲ.

ಅದೇ ಕಾಲದಲ್ಲಿ ನಮ್ಮ ದೇಶದ ಉತ್ತರಭಾಗದಲ್ಲಿ ಅಕ್ಬರ್ ಬಾದಷಹನ ಮಂತ್ರಿಯಾದ ರಾಜಾ ತೋದರಮಲ್ಲನು ಮತ್ತೊಂದು ಮಹಾಮೋಜಣಿಯ ಕಾರ್ಯವನ್ನು ನಡೆಸಿದನು. ಅದುವರೆಗೆ ನೆಲವನ್ನು ಹಗ್ಗದಿಂದ ಅಳೆಯುತ್ತಿದ್ದರು. ಹಗ್ಗವು ನೆನೆದರೆ ಕುಗ್ಗುತ್ತದೆ, ಒಣಗಿದರೆ ನೀಳವಾಗುತ್ತದೆ. ಅಳೆಯುವವನ ಮನಸ್ಸಿನಂತೆ ರೈತನ ಹೊಲ ಹಿಗ್ಗುತ್ತಿದ್ದಿತು. ಇದನ್ನು ತಪ್ಪಿಸುವುದಕ್ಕಾಗಿ ಕಬ್ಬಿಣದ ಬಳೆಗಳಿಂದ ಜೋಡಿಸಿದ ಬಿದಿರಿನ ಗಳುಗಳು ಬಳಕೆಗೆ ಬಂದವು. ಸಾಮ್ರಾಜ್ಯದ ಇತಿಹಾಸವನ್ನು ಬರೆದ ಅಬುಲ್ ಫಜಲನು ಈ ಸಂಗತಿಯನ್ನು ದಾಖಲಿಸಿ, ಪ್ರಾಂತವಾರು ಅಳತೆಗಳನ್ನೂ ಕೊಟ್ಟಿದ್ದಾನೆ. ಆ ಅಂಕಿಗಳನ್ನು ಇಪ್ಪತ್ತನೆಯ ಶತಮಾನದ ಸರಕಾರಿ ಲೆಕ್ಕಗಳೊಡನೆ ಹೋಲಿಸಿ ನೋಡಿದ ವಿದ್ವಾಂಸರು, ೧೬೦೦ರ ಸುಮಾರಿಗೆ ಮೊಗಲರ ಸೀಮೆಯಲ್ಲಿ ೧೯೧೦ರ ಸಾಗುವಳಿಯ ಅರ್ಧದಷ್ಟು ನೆಲ ಮಾತ್ರ ನೇಗಿಲಿಗೆ ಒಳಪಟ್ಟಿದ್ದಿತೆಂದು ನಿರ್ಣಯಿಸಿದ್ದಾರೆ. ಉಳಿದ ಅರ್ಧವು ಕಾಡಾಗಿಯೂ ಹುಲ್ಲುಗಾವಲಾಗಿಯೂ ಇದ್ದು, ಮುಂದಿನ ಮೂರು ಶತಮಾನಗಳಲ್ಲಿ ಹೊಲವಾಯಿತು.

ಬ್ರಿಟಿಷರ ಆಡಳಿತವು ಬಂದ ಮೇಲೆ ಇಂಡಿಯಾದ ಅಳತೆಯು ಎರಡು ದಾರಿಗಳಲ್ಲಿ ಸಾಗಿತು. ಮುಂಬಯಿ, ಮದರಾಸು, ಪಂಜಾಬು ಮೊದಲಾದ ಕಡೆಗಳಲ್ಲಿ ಸರಪಳಿಯನ್ನು ಹಿಡಿದು ಹೊಲಹೊಲವನ್ನೂ ಅಳೆದರು. ಮೈಸೂರು ಸಂಸ್ಥಾನದಲ್ಲಿಯೂ ೧೮೬೩ರಲ್ಲಿ ಮುಂಬಯಿಯ ಕ್ರಮವನ್ನನುಸರಿಸಿ ಈ ಕಾರ್ಯ ಆರಂಭವಾಯಿತು. ಅಲ್ಲೆಲ್ಲ ಊರಿಗೊಬ್ಬ ಪಟವಾರಿಯೋ ಕರಣಿಕನೋ ಶಾನುಭೋಗನೋ ಇದ್ದು, ವರ್ಷವರ್ಷವೂ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ನಿಂತಿದೆ ಎಂಬುದನ್ನು ಪಹಣಿಯಲ್ಲಿ ಬರೆಯುತ್ತಿದ್ದನು. ಶಾನುಭೋಗನ ಮೇಲೆ ನಮ್ಮ ಜನರು ಕಟ್ಟಿರುವ ಗಾದೆಗಳು ಹಲವು. ಆದರೂ ಆತನು ಹೊಲದ ಬದುವಿನ ಮೇಲೆ ನಿಂತು ಬರೆದ ಆ ಸಾಲುಗಳೇ ದೇಶದ ಆಹಾರದ ಲೆಕ್ಕಕ್ಕೆ ತಳಹದಿಯಾದುವೆಂಬುದನ್ನು ಮರೆಯಲಾಗದು.

ಬಂಗಾಳದ ದಾರಿ ಬೇರೆಯಾಯಿತು. ೧೭೯೩ರಲ್ಲಿ ಲಾರ್ಡ್ ಕಾರ್ನವಾಲಿಸನು ಅಲ್ಲಿ ಶಾಶ್ವತ ಕಂದಾಯದ ಏರ್ಪಾಟನ್ನು ಮಾಡಿದನು. ಜಮೀನ್ದಾರನು ಸರಕಾರಕ್ಕೆ ಕೊಡಬೇಕಾದ ಹಣವು ಎಂದೆಂದಿಗೂ ನಿಶ್ಚಿತವಾದ ಮೇಲೆ ಯಾವ ಹೊಲದಲ್ಲಿ ಏನು ಬೆಳೆದಿದೆ ಎಂಬುದನ್ನು ಸರಕಾರವು ವರ್ಷವರ್ಷ ತಿಳಿಯಬೇಕಾದ ಅಗತ್ಯವೇ ಉಳಿಯಲಿಲ್ಲ. ಊರ ಲೆಕ್ಕಿಗರ ವರ್ಗವು ಕ್ರಮೇಣ ಕ್ಷೀಣಿಸಿತು. ಬಿತ್ತನೆಯ ಅಂಕಿಗಳನ್ನು ಕಾವಲುಗಾರರ ಬಾಯಿಮಾತಿನಿಂದಲೂ ಅಧಿಕಾರಿಗಳ ಊಹೆಯಿಂದಲೂ ತುಂಬುವುದು ರೂಢಿಯಾಯಿತು. ಈ ಲೋಪವನ್ನು ಕಂಡ ಪ್ರೊಫೆಸರ್ ಮಹಲನೋಬಿಸರು ೧೯೩೭ರಿಂದ ಕೆಲವು ಹೊಲಗಳನ್ನು ಯದೃಚ್ಛೆಯಾಗಿ ಆರಿಸಿ ಅಳೆದು, ಅದರಿಂದ ಪ್ರಾಂತದ ಸೆಣಬಿನ ನೆಲವನ್ನೆಲ್ಲ ಗಣಿಸುವ ಹೊಸ ವಿಧಾನವನ್ನು ಬಂಗಾಳದಲ್ಲಿ ಪ್ರಯೋಗಿಸುತ್ತಿದ್ದರು. ಸೆಣಬಿನ ಲೆಕ್ಕಕ್ಕೆ ವ್ಯಾಪಾರದ ಬೆಂಬಲವಿದ್ದಿತು. ಬತ್ತದ ಲೆಕ್ಕಕ್ಕೆ ಅಂತಹ ಬೆಂಬಲವಿರಲಿಲ್ಲ.

ಹೀಗಿರುವಲ್ಲಿ ೧೯೪೨ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಿತು; ಅಕ್ಟೋಬರಿನಲ್ಲಿ ಮೇದಿನೀಪುರದ ಕರಾವಳಿಯನ್ನು ಚಂಡಮಾರುತವು ಹೊಡೆಯಿತು; ಯುದ್ಧದ ಖರ್ಚಿನಿಂದ ಬೆಲೆಗಳು ಗಗನಕ್ಕೇರಿದವು. ಪ್ರಾಂತದಲ್ಲಿ ಅಕ್ಕಿಯ ಕೊರತೆಯುಂಟೇ ಇಲ್ಲವೇ, ಇದ್ದರೆ ಎಷ್ಟು ಎಂಬ ವಾದವೇ ತಿಂಗಳುಗಟ್ಟಲೆ ನಡೆಯಿತು. ಉತ್ತರ ಹೇಳಬಲ್ಲ ಪುಸ್ತಕ ಯಾರಲ್ಲಿಯೂ ಇರಲಿಲ್ಲ. ೧೯೪೩ರ ಕ್ಷಾಮದಲ್ಲಿ ಸತ್ತವರು ಹದಿನೈದು ಲಕ್ಷವೆಂದು ೧೯೪೫ರ ವಿಚಾರಣಾ ಆಯೋಗವು ಹೇಳಿತು. ತರುವಾಯದ ವಿದ್ವಾಂಸರು ಮೂವತ್ತು ಲಕ್ಷದವರೆಗೂ ಹೇಳಿದ್ದಾರೆ. ಲೆಕ್ಕದ ಲೋಪವೊಂದೇ ಈ ಅನಾಹುತಕ್ಕೆ ಕಾರಣವೆಂದು ಹೇಳುವುದು ಸರಿಯಲ್ಲ. ಅಕ್ಕಿ ಇದ್ದರೂ ಅದನ್ನು ಕೊಳ್ಳುವ ಶಕ್ತಿ ಬಡವರಲ್ಲಿ ಉಳಿದಿರಲಿಲ್ಲವೆಂಬುದನ್ನು ಅಮರ್ತ್ಯ ಸೇನರು ೧೯೮೧ರಲ್ಲಿ ವಿಶದಪಡಿಸಿದ್ದಾರೆ. ಆದರೆ ಕಣ್ಣಿಲ್ಲದ ಸರಕಾರವು ತಡವರಿಸಿತೆಂಬುದೂ ಅಷ್ಟೇ ನಿಜ. ಕ್ಷಾಮವು ಮುಗಿದ ಮೇಲೆ, ೧೯೪೪-೪೫ರಲ್ಲಿ, ಬಂಗಾಳದ ಹೊಲಗಳನ್ನು ಒಂದೊಂದಾಗಿ ಎಣಿಸುವ ಕಾರ್ಯ ನಡೆಯಿತು. ಎಣಿಕೆ ಬಂದಿತು, ಹೋದ ಜೀವಗಳು ಬರಲಿಲ್ಲ.

ಇನ್ನು ಚೀನಾದ ಕಡೆಗೆ ತಿರುಗೋಣ. ಅಲ್ಲಿಯ ನೆಲವನ್ನು ಆಧುನಿಕ ರೀತಿಯಲ್ಲಿ ಪರಿಶೀಲಿಸಿದ ಮೊದಲಿಗರಲ್ಲಿ ನಾನ್‌ಕಿಂಗ್ ವಿಶ್ವವಿದ್ಯಾನಿಲಯದ ಜಾನ್ ಲಾಸಿಂಗ್ ಬಕ್ ಎಂಬ ಅಮೆರಿಕನ್ ಪಂಡಿತರು ಪ್ರಮುಖರು. ಅವರೂ ಅವರ ಚೀನೀ ಶಿಷ್ಯರೂ ೧೯೨೯ರಿಂದ ೧೯೩೩ರವರೆಗೆ ೨೨ ಪ್ರಾಂತಗಳಲ್ಲಿ ಸಂಚರಿಸಿ ಹದಿನಾರು ಸಾವಿರಕ್ಕೂ ಮೇಲ್ಪಟ್ಟ ಹಿಡುವಳಿಗಳನ್ನು ಪರೀಕ್ಷಿಸಿ, ೧೯೩೭ರಲ್ಲಿ ತಮ್ಮ ಗ್ರಂಥವನ್ನು ಹೊರತಂದರು. ೧೯೪೯ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರಕಾರವು ದೇಶದ ಸಾಗುವಳಿಯ ನೆಲ ೯ ಕೋಟಿ ೭೯ ಲಕ್ಷ ಹೆಕ್ಟೇರೆಂದು ಲೆಕ್ಕ ಹಾಕಿತು. ಬೀಳುಭೂಮಿಯನ್ನು ಹಸನು ಮಾಡಿ ೧೯೫೭ರ ವೇಳೆಗೆ ಇದನ್ನು ೧೧ ಕೋಟಿ ೧೮ ಲಕ್ಷಕ್ಕೆ ಏರಿಸಿರುವುದಾಗಿ ತೋರಿಸಿತು.

ಮರುವರ್ಷವೇ ಲೆಕ್ಕವು ಹುಚ್ಚು ಹಿಡಿದಂತಾಯಿತು. ೧೯೫೮ರಲ್ಲಿ ‘ಮಹಾ ನೆಗೆತ’ ಎಂಬ ಚಳವಳಿಯು ದೇಶವನ್ನೆಲ್ಲ ವ್ಯಾಪಿಸಿತು. ಪ್ರತಿಯೊಂದು ಜಿಲ್ಲೆಯೂ ತನ್ನ ನೆರೆಯ ಜಿಲ್ಲೆಗಿಂತ ಹೆಚ್ಚು ಬೆಳೆದೆನೆಂದು ಸಾರಿತು. ಕಡಿಮೆ ಹೇಳಿದವನು ದ್ರೋಹಿಯೆನಿಸಿಕೊಳ್ಳುವ ಭಯವಿದ್ದಿತು. ಆ ವರ್ಷದ ಧಾನ್ಯ ೩೭ ಕೋಟಿ ೫೦ ಲಕ್ಷ ಟನ್ನೆಂದು ಪ್ರಕಟಣೆಯಾಯಿತು. ನಿಜವಾದ ಬೆಳೆ ೨೦ ಕೋಟಿ ಟನ್ನಿನಷ್ಟೆಂದು ಆ ಸರಕಾರವೇ ಬಹುಕಾಲದ ಮೇಲೆ ಒಪ್ಪಿಕೊಂಡಿತು. ಈ ಕಟ್ಟುಕಥೆಯನ್ನು ಮಾವೋ ತ್ಸೆ-ತುಂಗನು ನಂಬಿದನು. ಇಷ್ಟೊಂದು ಧಾನ್ಯವನ್ನು ಏನು ಮಾಡುವುದೆಂಬುದೇ ಆತನಿಗೆ ಚಿಂತೆಯಾಯಿತು. ಬೆಳೆಯು ಇಷ್ಟು ಸಮೃದ್ಧವಾಗಿರುವಾಗ ನೆಲದ ಮೂರನೆಯ ಒಂದು ಪಾಲನ್ನು ಬಿತ್ತಿದರೆ ಸಾಕು, ಒಂದು ಪಾಲನ್ನು ಬೀಳುಬಿಡಬಹುದು, ಇನ್ನೊಂದು ಪಾಲಿನಲ್ಲಿ ಮರಗಿಡಗಳನ್ನು ಬೆಳೆಸಬಹುದೆಂಬ ಸೂಚನೆ ಹೊರಟಿತು. ಆ ಸೂಚನೆ ಪೂರ್ತಿಯಾಗಿ ನಡೆಯದಿದ್ದರೂ ಧಾನ್ಯ ಬಿತ್ತಿದ ನೆಲವು ೧೯೫೮ರ ೧೨ ಕೋಟಿ ೭೬ ಲಕ್ಷ ಹೆಕ್ಟೇರಿನಿಂದ ೧೯೫೯ರಲ್ಲಿ ೧೧ ಕೋಟಿ ೬೦ ಲಕ್ಷಕ್ಕೆ ಇಳಿಯಿತು. ಇದ್ದ ಬೆಳೆಯಲ್ಲಿ ಸರಕಾರವು ಸುಳ್ಳು ಲೆಕ್ಕಕ್ಕೆ ತಕ್ಕಂತೆ ತನ್ನ ಪಾಲನ್ನು ಎತ್ತಿಕೊಂಡು ಹೋಯಿತು; ಹೊರದೇಶಗಳಿಗೂ ಧಾನ್ಯವನ್ನು ಕಳುಹಿಸಿತು. ೧೯೬೦ರಲ್ಲಿ ಬೆಳೆ ೧೪ ಕೋಟಿ ೩೫ ಲಕ್ಷ ಟನ್ನಿಗೆ ಕುಸಿಯಿತು. ಆ ಕ್ಷಾಮದಲ್ಲಿ ಎರಡು ಮೂರು ಕೋಟಿಗೂ ಮೇಲ್ಪಟ್ಟು ಜನರು ಸತ್ತರೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮಾನವ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ಕ್ಷಾಮವನ್ನು ನಾವು ಕಾಣೆವು.

ಬಂಗಾಳದಲ್ಲಿ ಲೆಕ್ಕವೇ ಇರಲಿಲ್ಲ; ಚೀನಾದಲ್ಲಿ ಲೆಕ್ಕವು ಸುಳ್ಳಾಗಿದ್ದಿತು. ಒಂದು ಕಡೆ ಆಳುವವರಿಗೆ ತಿಳಿಯಬೇಕೆಂಬ ಅಕ್ಕರೆಯಿರಲಿಲ್ಲ. ಇನ್ನೊಂದು ಕಡೆ ತಿಳಿಸಬೇಕೆಂಬವರಿಗೆ ಧೈರ್ಯವಿರಲಿಲ್ಲ. ದಾರಿ ಬೇರೆಯಾದರೂ ಸೇರಿದ ಸ್ಮಶಾನ ಒಂದೇ.

ಇದರ ಮೇಲೆ ಎರಡು ದೇಶಗಳ ನೆಲವೂ ಹೇಗೆ ನಡೆಯಿತೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ೧೯೪೭ರ ವಿಭಜನೆಯಲ್ಲಿ ಪಂಜಾಬಿನ ಕಾಲುವೆಯ ಭೂಮಿಯ ಬಹುಭಾಗವನ್ನು ಕಳೆದುಕೊಂಡ ಇಂಡಿಯಾವು ಹೊಸ ನೆಲವನ್ನು ಹುಡುಕಿ ಹೊರಟಿತು. ಹಿಮಾಲಯದ ತಪ್ಪಲಿನ ತರಾಯ್ ಕಾಡನ್ನು ಕಡಿದು ನಿರಾಶ್ರಿತರನ್ನು ನೆಲೆಗೊಳಿಸಿದರು. ಮಧ್ಯಪ್ರಾಂತದಲ್ಲಿ ಕಾಂಸ್ ಹುಲ್ಲು ಆಳವಾಗಿ ಬೇರೂರಿದ ಭೂಮಿಯನ್ನು ಯಂತ್ರದ ನೇಗಿಲುಗಳಿಂದ ಉತ್ತರು. ೧೯೫೦-೫೧ರಲ್ಲಿ ೧೧ ಕೋಟಿ ೮೭ ಲಕ್ಷ ಹೆಕ್ಟೇರಿದ್ದ ಬಿತ್ತನೆಯ ನೆಲವು ೧೯೭೦ರ ವೇಳೆಗೆ ಸುಮಾರು ೧೪ ಕೋಟಿಯಾಯಿತು. ಆಮೇಲೆ ಅದು ಮುಂದಕ್ಕೆ ಹೆಚ್ಚಾಗಿ ಸರಿದಿಲ್ಲ. ಮಳೆಯ ವರ್ಷ ಸ್ವಲ್ಪ ಏರುತ್ತದೆ, ಬರದ ವರ್ಷ ಇಳಿಯುತ್ತದೆ. ಚೀನಾವೂ ಈಶಾನ್ಯದ ‘ಉತ್ತರದ ಮಹಾಬಂಜರು’ ಎಂಬ ಜೌಗು ಸೀಮೆಗೆ ಬಿಡುಗಡೆಹೊಂದಿದ ಸೈನಿಕರನ್ನು ಕಳುಹಿಸಿ ಉಳಿಸಿತು. ಷಿನ್‌ಜಿಯಾಂಗಿನಲ್ಲಿ ೧೯೫೪ರಿಂದ ಸೈನ್ಯದ ಕ್ರಮದಲ್ಲಿಯೇ ಬೇಸಾಯವನ್ನು ಹೂಡಿತು. ಹೀಗಿದ್ದೂ ಅದರ ಪುಸ್ತಕದಲ್ಲಿ ನೆಲವು ವರ್ಷವರ್ಷಕ್ಕೆ ಕುಗ್ಗುತ್ತ, ೧೯೯೫ರಲ್ಲಿ ೯ ಕೋಟಿ ೫೦ ಲಕ್ಷ ಹೆಕ್ಟೇರಿಗೆ ಇಳಿದಿತ್ತು. ಇಷ್ಟು ಕಡಿಮೆ ನೆಲದಿಂದ ಆ ದೇಶವು ತನ್ನ ಜನರನ್ನು ಹೇಗೆ ಸಾಕೀತೆಂದು ಲೋಕದ ಪಂಡಿತರು ಚಿಂತಾಕ್ರಾಂತರಾಗಿದ್ದರು.

ಅಷ್ಟರಲ್ಲಿ ಒಂದು ಸೋಜಿಗ ನಡೆಯಿತು. ೧೯೮೪ರಲ್ಲಿ ಆರಂಭಿಸಿದ್ದ ದೇಶವ್ಯಾಪಿಯಾದ ಭೂಮಿ ಮೋಜಣಿಯು ೧೯೯೬ರಲ್ಲಿ ಮುಗಿದಾಗ ಚೀನಾದ ಸಾಗುವಳಿಯ ನೆಲ ೧೩ ಕೋಟಿ ಹೆಕ್ಟೇರೆಂದು ಹೊರಪಟ್ಟಿತು. ಪುಸ್ತಕದಲ್ಲಿ ಇಲ್ಲದ ಮೂರೂವರೆ ಕೋಟಿ ಹೆಕ್ಟೇರು ನೆಲದ ಮೇಲೆ ಇದ್ದಿತು. ಮೊಗಲರ ಕಾಲದ ಸಮಕಾಲೀನರಾದ ಮಿಂಗ್ ಪ್ರಜೆಗಳು ಮಾಡಿದ್ದನ್ನೇ ಇಪ್ಪತ್ತನೆಯ ಶತಮಾನದ ರೈತರೂ ಮಾಡಿದ್ದರು. ಧಾನ್ಯದ ಕಡ್ಡಾಯ ವಸೂಲಿಗೂ ತೆರಿಗೆಗೂ ಹೆದರಿ ಗುಡ್ಡದ ಮೇಲಿನ ಹೊಲವನ್ನು ಬರೆಸದೆ ಬಿಟ್ಟಿದ್ದರು. ಊರಿನ ದೊಡ್ಡ ಮುವನ್ನು ಸರಕಾರದ ಚಿಕ್ಕ ಮುವೆಂದು ಹೇಳಿದ್ದರು. ವಂಶಗಳು ಅಳಿದವು, ಧ್ವಜಗಳು ಬದಲಾದವು. ರೈತನ ವಿವೇಕ ಬದಲಾಗಲಿಲ್ಲ.

ಕೊನೆಯದಾಗಿ ಒಂದು ಮಾತುಂಟು. ಹೆಚ್ಚು ನೆಲವಿದ್ದ ಮಾತ್ರಕ್ಕೆ ಕಣಜ ತುಂಬುವುದಿಲ್ಲ. ಇಂಡಿಯಾವು ಒಂದೇ ಹೊಲದಲ್ಲಿ ಎರಡು ಬೆಳೆ ತೆಗೆಯುವುದನ್ನು ಸೇರಿಸಿ ಎಣಿಸಿದರೆ ಈಗ ವರ್ಷಕ್ಕೆ ೨೦ ಕೋಟಿಗೂ ಮೇಲ್ಪಟ್ಟು ಹೆಕ್ಟೇರನ್ನು ಬಿತ್ತುತ್ತದೆ; ಚೀನಾ ಸುಮಾರು ೧೭ ಕೋಟಿಯನ್ನು. ಆದರೂ ೨೦೨೩ರ ಸುಮಾರಿನಲ್ಲಿ ನಮ್ಮ ಆಹಾರಧಾನ್ಯ ೩೩ ಕೋಟಿ ಟನ್ನಿನಷ್ಟು, ಅವರದು ೬೯ ಕೋಟಿ ಟನ್ನಿನಷ್ಟು. ಅವರು ಸೋಯಾ, ಗೆಣಸು, ಆಲೂಗೆಡ್ಡೆಗಳನ್ನೂ ಧಾನ್ಯದಲ್ಲಿ ಸೇರಿಸುವರೆಂಬುದನ್ನು ಕಳೆದರೂ ಅಂತರ ದೊಡ್ಡದೇ. ನೀರು, ೧೯೭೦ರ ದಶಕದಲ್ಲಿ ಹೊರದೇಶಗಳಿಂದ ತರಿಸಿದ ಯಂತ್ರಶಾಲೆಗಳ ಗೊಬ್ಬರ, ಯುವಾನ್ ಲಾಂಗ್‌ಪಿಂಗ್ ಎಂಬ ವಿಜ್ಞಾನಿಯು ಅದೇ ದಶಕದಲ್ಲಿ ಸಾಧಿಸಿದ ಮಿಶ್ರತಳಿಯ ಬತ್ತ, ಇವುಗಳಿಂದ ಆ ಚಿಕ್ಕ ಹಿತ್ತಲು ಹೆಚ್ಚು ಫಲಿಸಿತು. ಅದಕ್ಕೆ ಬೆಲೆಯೂ ಇಲ್ಲದಿಲ್ಲ. ಅವರ ಉತ್ತರದ ಬಯಲಿನಲ್ಲಿಯೂ ನಮ್ಮ ಪಂಜಾಬಿನಲ್ಲಿಯೂ ಅಂತರ್ಜಲವು ಪಾತಾಳಕ್ಕಿಳಿಯುತ್ತಿದೆ. ೧೯೯೮ರ ಮಹಾಪ್ರವಾಹದ ತರುವಾಯ ಚೀನಾವು ೧೯೯೯ರಿಂದ ಇಳಿಜಾರಿನ ಹೊಲಗಳನ್ನು ಕಾಡಿಗೂ ಹುಲ್ಲಿಗೂ ಹಿಂದಿರುಗಿಸತೊಡಗಿತು. ನಗರಗಳೂ ರಸ್ತೆಗಳೂ ನುಂಗುವ ನೆಲವನ್ನು ತಡೆಯಲು ೧೮೦ ಕೋಟಿ ಮು, ಎಂದರೆ ೧೨ ಕೋಟಿ ಹೆಕ್ಟೇರಿನ ಗಡಿಯನ್ನು ‘ಕೆಂಪು ಗೆರೆ’ಯೆಂದು ಎಳೆದಿದೆ.

ಈ ಕೋಟಿಗಳನ್ನೆಲ್ಲ ನಮ್ಮ ರೈತನ ಮಾನಕ್ಕೆ ಇಳಿಸಿ ನೋಡೋಣ. ಎಕರೆಗೆ ನಲವತ್ತು ಗುಂಟೆಯಷ್ಟೆ. ೧೯೫೧ರಲ್ಲಿ ಇಂಡಿಯಾದ ಒಬ್ಬೊಬ್ಬ ಪ್ರಜೆಯ ಪಾಲಿಗೆ ಸುಮಾರು ೩೨ ಗುಂಟೆ ಬಿತ್ತನೆಯ ನೆಲವಿದ್ದಿತು. ಈಗ ಅದು ೧೦ ಗುಂಟೆಗೂ ತುಸು ಕಡಿಮೆ. ಚೀನಾದಲ್ಲಿ ೯ ಗುಂಟೆ. ೨೦೨೩ರಲ್ಲಿ ಇಂಡಿಯಾದ ಪ್ರಜಾಸಂಖ್ಯೆಯು ಚೀನಾದ್ದನ್ನು ದಾಟಿತು. ದೊಡ್ಡ ಹಿತ್ತಲಿನ ನೆರೆಯವನೂ ಚಿಕ್ಕ ಹಿತ್ತಲಿನ ನೆರೆಯವನೂ ಹೆಚ್ಚುಕಡಿಮೆ ಒಂದೇ ಅಳತೆಯ ಪಾತಿಗೆ ಬಂದು ನಿಂತಿದ್ದಾರೆ. ಒಬ್ಬ ಮನುಷ್ಯನ ವರ್ಷದ ಅನ್ನವೆಲ್ಲ ಆ ಹತ್ತು ಗುಂಟೆಯೊಳಗೆ ಹುಟ್ಟಬೇಕು.

ಇಷ್ಟು ಕಿರಿದಾದ ಪಾತಿಯಲ್ಲಿ ಲೆಕ್ಕ ತಪ್ಪುವುದಕ್ಕೆ ಎಡೆಯಿಲ್ಲ. ಈಗ ಆಕಾಶದಿಂದ ಕೃತಕ ಉಪಗ್ರಹಗಳು ಹೊಲವನ್ನು ನೋಡುತ್ತವೆ. ಹಗ್ಗ ನೆನೆದು ಕುಗ್ಗುವ ಕಾಲ ಹೋಯಿತು. ಆದರೆ ಯಂತ್ರವು ಕಂಡುದನ್ನು ಹೇಳತಕ್ಕವನು ಮನುಷ್ಯನೇ, ಕೇಳತಕ್ಕವನೂ ಮನುಷ್ಯನೇ. ನೆಲದ ನಿಜವನ್ನು ನಿರ್ಭಯವಾಗಿ ಬರೆಯುವ ಕೈ ಊರಿನಲ್ಲಿಯೂ, ಅದನ್ನು ಸಮಾಧಾನದಿಂದ ಕೇಳುವ ಕಿವಿ ರಾಜಧಾನಿಯಲ್ಲಿಯೂ ಇರುವ ನಾಡಿನಲ್ಲಿ ಬರ ಬಂದರೂ ಬರಬಹುದು. ಕ್ಷಾಮವು ಬರುವುದು ಕಷ್ಟ. ಈ ಎರಡು ಪುರಾತನ ದೇಶಗಳ ಉತ್ತ ನೆಲವು ತನ್ನ ಚರಿತ್ರೆಯಿಂದ ನಮಗೆ ತಿಳಿಸುವ ಪಾಠವು ಇದೇ ಎಂದು ನಾವು ಭಾವಿಸುತ್ತೇವೆ.